ಧರ್ಮಸಂದೇಹ: ನೆರೆಮನೆಯ ಹುಡುಗನನ್ನು ‘ಫಾದರ್’ ಎನ್ನಬಹುದೇ?

ಪ್ರಶ್ನೆ: ಪೂಜ್ಯರಿಗೆ ನಮಸ್ಕಾರಗಳು. ನಮ್ಮ ಎದುರುಮನೆಯವರು ಕ್ಯಾಥೊಲಿಕ್ ಕ್ರೈಸ್ತರು. ಇಪ್ಪತ್ತು ವರ್ಷದ ನೆರೆಹೊರೆ. ಅವರ ಮಗ ಎಂಟು ವರ್ಷದವನಿದ್ದಾಗಿನಿಂದ ನಮ್ಮ ಮನೆಯಲ್ಲೇ ಆಡಿ ಬೆಳೆದವನು. ನಾವೆಲ್ಲ ಅವನನ್ನು ‘ಪುಟ್ಟ’ ಅಂತಲೇ ಕರೆಯುವುದು. ಬರುವ ತಿಂಗಳು ಅವನಿಗೆ ಗುರುದೀಕ್ಷೆ; ಬಿಷಪ್ ಬರುತ್ತಾರೆ, ನಮಗೂ ಆಹ್ವಾನವಿದೆ. ಇನ್ನು ಮೇಲೆ ಅವನನ್ನು ‘ಫಾದರ್’ ಎನ್ನಬೇಕೇ? ಎಂದರೆ ನಮಗೆ ದೋಷವೇ? ಬಿಷಪ್ಪರಿಗೆ ಹೇಗೆ ನಮಸ್ಕರಿಸಬೇಕು? ಕಾಲೇಜಿಗೆ ಹೋಗುವ ನನ್ನ ಹಿರಿಯ ಮಗ, “ಯಾರನ್ನೂ ತಂದೆ ಎಂದು ಕರೆಯಬೇಡಿ ಅಂತ ಅವರ ಬೈಬಲ್ಲಿನಲ್ಲೇ ಇದೆ. ಎಲ್ಲ ಧರ್ಮದವರೂ ಬಿರುದಿಗೇ ಸಾಯುವವರು, ನಿಮ್ಮ ಪುರೋಹಿತರೂ ಅಷ್ಟೇ” ಎಂದು ನಗುತ್ತಾನೆ. ಅವನು ಹಾಗೆ ಹೇಳುವುದಕ್ಕೆ ಕಾರಣವೂ ಇದೆ. ಕಿರಿಯ ಮಗನ ಉಪನಯನದ ಪತ್ರಿಕೆಗೆ ನಮ್ಮ ಪುರೋಹಿತರು ಬರೆದುಕೊಟ್ಟ ಬಿರುದುಗಳು ನಾಲ್ಕು ಸಾಲಾದವು. ಜಾಗ ಸಾಲದೆ ಒಂದು ಸಾಲಿಗೆ ಇಳಿಸಿದೆವು. ಅವರು ಮುನಿಸಿಕೊಂಡು “ಬೇರೆಯವರನ್ನು ನೋಡಿಕೊಳ್ಳಿ” ಎಂದಿದ್ದಾರೆ. ನಮ್ಮ ಮದುವೆ ಮಾಡಿಸಿದವರೂ ಅವರೇ. ದಯವಿಟ್ಟು ದಾರಿ ತೋರಿಸಿ.
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೇ ಪ್ರಶ್ನೆಯಂತೆ ಕಂಡರೂ ಇದರಲ್ಲಿ ಮೂರು ಗಂಟುಗಳಿವೆ. ಬೇರೆ ಧರ್ಮದ ಗುರುವನ್ನು ಅವರ ಬಿರುದಿನಿಂದ ಕರೆಯಬಹುದೇ ಎಂಬುದು ಒಂದು. ಅವರ ಗ್ರಂಥವೇ ಬೇಡವೆಂದದ್ದನ್ನು ಅವರು ಇಟ್ಟುಕೊಂಡಿರುವುದು ಹೇಗೆ ಎಂಬುದು ಎರಡನೆಯದು. ನಮ್ಮ ಪುರೋಹಿತರ ಮುನಿಸು ಮೂರನೆಯದು. ಮೂರಕ್ಕೂ ಬೇರು ಒಂದೇ ಆದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ನಿಮ್ಮ ಪ್ರಶ್ನೆಗೇ ಕೊಡುತ್ತಿದ್ದೇನೆ. ಉಳಿದ ಓದುಗರು ಕ್ಷಮಿಸಬೇಕು.

ಮೊದಲು ದೋಷದ ಮಾತು

ದೋಷವಿಲ್ಲ. ನಿಸ್ಸಂಕೋಚವಾಗಿ ‘ಫಾದರ್’ ಎನ್ನಿ. ನೀವು ಇಷ್ಟು ದಿನ ಆಡುತ್ತಿರುವ ‘ಪಾದ್ರಿ’ ಎಂಬ ಮಾತಾದರೂ ಏನು? ಪೋರ್ಚುಗೀಸರ ‘ಪಾದ್ರೆ’ಯಿಂದ ಬಂದದ್ದು, ಅದರ ಅರ್ಥವೂ ತಂದೆ ಎಂದೇ. ಕನ್ನಡಿಗರು ತಲೆಮಾರುಗಳಿಂದ ಅದನ್ನೇ ಹೇಳಿಕೊಂಡು ಬಂದಿದ್ದೇವೆ, ಯಾರ ಜನಿವಾರವೂ ಹರಿದಿಲ್ಲ. ಉತ್ತರ ಕರ್ನಾಟಕದ ಕಡೆ ಮಠದ ಸ್ವಾಮಿಗಳನ್ನು ‘ಅಪ್ಪಾವರು’ ಎನ್ನುವುದಿಲ್ಲವೇ? ಗುರುವನ್ನು ತಂದೆಯ ಜಾಗದಲ್ಲಿ ಇಡುವುದು ನಮಗೇನೂ ಹೊಸದಲ್ಲ. ಹೆತ್ತವನು, ಉಪನಯನ ಮಾಡಿದವನು, ವಿದ್ಯೆ ಕೊಟ್ಟವನು, ಅನ್ನ ಕೊಟ್ಟವನು, ಭಯದಲ್ಲಿ ಕಾಪಾಡಿದವನು ಹೀಗೆ ಐದು ಜನ ತಂದೆಯರು ಎಂದು ನಮ್ಮ ನೀತಿಶಾಸ್ತ್ರ ಎಣಿಸುತ್ತದೆ.

“ಆದರೆ ಅವನು ನಾನು ಕಂಡ ಹುಡುಗ, ವಯಸ್ಸಿನಲ್ಲಿ ಚಿಕ್ಕವನು” ಎಂದು ನಿಮ್ಮ ಮನಸ್ಸು ಹಿಂಜರಿಯುತ್ತಿರಬಹುದು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಇದಕ್ಕೆ ಸರಿಯಾದ ಒಂದು ಕಥೆಯೇ ಇದೆ. ಅಂಗಿರಸನ ವಂಶದ ಒಬ್ಬ ಹುಡುಗ ತನ್ನ ತಂದೆಯ ವಯಸ್ಸಿನ ಹಿರಿಯರಿಗೆ ವೇದಪಾಠ ಹೇಳುತ್ತಿದ್ದ. ಪಾಠದ ನಡುವೆ ಅವರನ್ನು ‘ಮಕ್ಕಳಿರಾ’ ಎಂದು ಕರೆದುಬಿಟ್ಟ. ಹಿರಿಯರಿಗೆ ಸಿಟ್ಟು ಬಂತು, ದೇವತೆಗಳ ಹತ್ತಿರ ದೂರು ಹೋಯಿತು. ದೇವತೆಗಳು, “ಹುಡುಗ ಹೇಳಿದ್ದು ಸರಿಯಾಗಿದೆ. ತಿಳಿಯದವನು ಮಗು, ಮಂತ್ರ ಕೊಟ್ಟವನು ತಂದೆ” ಎಂದು ತೀರ್ಪು ಕೊಟ್ಟರಂತೆ. ಅಲ್ಲಿಗೆ ವಯಸ್ಸಿನ ಪ್ರಶ್ನೆ ಮುಗಿಯಿತು. ‘ಫಾದರ್’ ಎಂದು ಕರೆಯುವುದು ಆ ಹುಡುಗ ಹೊತ್ತುಕೊಂಡ ಕೆಲಸವನ್ನು. ಅವನ ವಯಸ್ಸನ್ನಲ್ಲ, ಅವನ ಹೆಚ್ಚುಗಾರಿಕೆಯನ್ನೂ ಅಲ್ಲ.

ಚರ್ಚಿನಲ್ಲಿ, ನಾಲ್ಕು ಜನರ ಎದುರಿಗೆ ‘ಫಾದರ್’ ಎನ್ನಿ. ಮನೆಗೆ ಬಂದು ನಿಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಾಗ ‘ಪುಟ್ಟ’ ಎನ್ನಿ. ಅವನಿಗೆ ಎರಡೂ ಬೇಕಾಗಿರುತ್ತವೆ. ಎರಡನೆಯದು ಇನ್ನೂ ಸ್ವಲ್ಪ ಹೆಚ್ಚಾಗಿಯೇ ಬೇಕಾಗಬಹುದು, ಏಕೆಂದರೆ ಇನ್ನು ಮುಂದೆ ಹಾಗೆ ಕರೆಯುವವರು ಅವನಿಗೆ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಾರೆ.

ಅವರ ಗ್ರಂಥದಲ್ಲಿ ಇರುವುದೇನು?

ನಿಮ್ಮ ಮಗ ಹೇಳಿದ ಮಾತು ಸುಳ್ಳಲ್ಲ. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಅದು ಇದೆ. ಆದರೆ ಒಂದು ವಾಕ್ಯವನ್ನು ಕಿತ್ತು ತೆಗೆದರೆ ಅರ್ಥ ಕೈಗೆ ಬರುವುದಿಲ್ಲ, ಪೂರ್ತಿ ಪ್ರಕರಣವನ್ನು ನೋಡಬೇಕು. ಅಲ್ಲಿ ಯೇಸುಸ್ವಾಮಿ ತಮ್ಮ ಕಾಲದ ಯೆಹೂದಿ ಶಾಸ್ತ್ರಿಗಳನ್ನು ಕುರಿತು ಮಾತಾಡುತ್ತಾರೆ. ಇವರು ಇತರರ ಹೆಗಲಿಗೆ ಭಾರ ಹೊರಿಸುತ್ತಾರೆ, ತಾವು ಬೆರಳನ್ನೂ ಅಲ್ಲಾಡಿಸುವುದಿಲ್ಲ. ಉಡುಪಿನ ಅಂಚನ್ನು ಉದ್ದ ಮಾಡಿಕೊಳ್ಳುತ್ತಾರೆ. ಔತಣಗಳಲ್ಲಿ ಮುಂದಿನ ಆಸನ ಬೇಕು, ಪೇಟೆಬೀದಿಯಲ್ಲಿ ಜನ ನಮಸ್ಕರಿಸಬೇಕು, ‘ಗುರುವೇ’ ಎನ್ನಬೇಕು. ಇದನ್ನೆಲ್ಲ ಹೇಳಿದ ಮೇಲೆ ಶಿಷ್ಯರ ಕಡೆಗೆ ತಿರುಗಿ, ನೀವು ಗುರು, ತಂದೆ, ಒಡೆಯ ಎಂಬ ಬಿರುದುಗಳಿಗೆ ಕೈಯೊಡ್ಡಬೇಡಿ, ನಿಮ್ಮಲ್ಲಿ ದೊಡ್ಡವನು ನಿಮ್ಮ ಸೇವಕನಾಗಿರಲಿ ಎನ್ನುತ್ತಾರೆ.

ಕಲ್ಯಾಣಮಂಟಪದ ಮೊದಲ ಸಾಲಿನ ಸೋಫಾಗಳನ್ನು ನೋಡಿದ ನಮಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ, ಅಲ್ಲವೇ?

ಹಾಗಾದರೆ ಕ್ಯಾಥೊಲಿಕ್ಕರು ‘ಫಾದರ್’ ಎನ್ನುವುದು ಹೇಗೆ? ಅವರ ಸಮಾಧಾನ ಇದು: ಇಲ್ಲಿ ನಿಷೇಧ ಶಬ್ದಕ್ಕಲ್ಲ, ಶಬ್ದದ ಹಿಂದಿರುವ ಅಹಂಕಾರಕ್ಕೆ. ಶಬ್ದಕ್ಕೇ ಎಂದಾದರೆ ಹೆತ್ತ ತಂದೆಯನ್ನೂ ಕರೆಯುವಂತಿಲ್ಲ. ಸಂತ ಪೌಲನೂ ಕೊರಿಂಥದವರಿಗೆ ಬರೆದ ಪತ್ರದಲ್ಲಿ ತಾನು ಅವರಿಗೆ ತಂದೆಯಾದೆ ಎಂದು ಹೇಳಿಕೊಂಡಿದ್ದಾನೆ. ಪ್ರಾಟೆಸ್ಟೆಂಟರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ತಮ್ಮ ಗುರುವನ್ನು ‘ಪಾಸ್ಟರ್’ ಎನ್ನುತ್ತಾರೆ, ಕನ್ನಡದಲ್ಲಿ ‘ಸಭಾಪಾಲಕರು’. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದವರಂತೂ ಇನ್ನೂ ಮುಂದೆ ಹೋದರು. ದೊರೆಯಾಗಲಿ ಧರ್ಮಗುರುವಾಗಲಿ ಯಾರಿಗೂ ಬಿರುದು ಹಚ್ಚಲಿಲ್ಲ, ನ್ಯಾಯಾಧೀಶರ ಮುಂದೆ ಟೋಪಿಯನ್ನೂ ತೆಗೆಯಲಿಲ್ಲ. ಅದಕ್ಕಾಗಿ ಸೆರೆಮನೆಯನ್ನೂ ಕಂಡರು. ಒಂದೇ ಗ್ರಂಥ, ಮೂರು ವ್ಯಾಖ್ಯಾನ. ನಮ್ಮಲ್ಲಿ ಒಂದೇ ಸೂತ್ರಕ್ಕೆ ಮೂರು ಭಾಷ್ಯಗಳಿಲ್ಲವೇ, ಹಾಗೆ.

ಸೇವಕರ ಸೇವಕ

ಇನ್ನೊಂದು ಸ್ವಾರಸ್ಯ ನೋಡಿ. ಚರ್ಚಿನ ದೊಡ್ಡ ದೊಡ್ಡ ಪದವಿಗಳ ಬೇರನ್ನು ಕೆದಕಿದರೆ ಸಿಗುವುದು ಪುಟ್ಟ ಕೆಲಸಗಳು. ಡೀಕನ್ ಎಂದರೆ ಗ್ರೀಕಿನಲ್ಲಿ ಸೇವಕ, ಊಟ ಬಡಿಸುವವನು. ಬಿಷಪ್ ಎಂದರೆ ಮೇಲ್ವಿಚಾರಣೆ ನೋಡಿಕೊಳ್ಳುವವನು. ಪಾಸ್ಟರ್ ಎಂದರೆ ಲ್ಯಾಟಿನ್ನಿನಲ್ಲಿ ಕುರಿ ಕಾಯುವವನು. ಮಿನಿಸ್ಟರ್ ಎಂದರೂ ಸೇವಕನೇ. ವಿಧಾನಸೌಧದಲ್ಲಿರುವವರಿಗೂ ಇದನ್ನು ಯಾರಾದರೂ ತಿಳಿಸಬೇಕು. ಪೋಪ್ ಎಂಬುದು ಗ್ರೀಕ್ ಮಕ್ಕಳು ಅಪ್ಪನನ್ನು ಕರೆಯುತ್ತಿದ್ದ ಮಾತು. ಹೀಗೆ ಕೆಲಸದ ಹೆಸರಾಗಿ ಹುಟ್ಟಿದ್ದು ಕಾಲ ಕಳೆದಂತೆ ಕಿರೀಟವಾಯಿತು. ಪೋಪರಿಗೆ ‘ಯುವರ್ ಹೋಲಿನೆಸ್’, ಕಾರ್ಡಿನಲ್ಲರಿಗೆ ‘ಯುವರ್ ಎಮಿನೆನ್ಸ್’, ಬಿಷಪ್ಪರಿಗೆ ‘ಯುವರ್ ಎಕ್ಸಲೆನ್ಸಿ’, ಸಾಮಾನ್ಯ ಪಾದ್ರಿಗೆ ‘ರೆವರೆಂಡ್’, ಅಂದರೆ ವಂದನೀಯ. ರೋಮಿನ ಸಾಮ್ರಾಜ್ಯ, ಆಮೇಲೆ ಯುರೋಪಿನ ಅರಮನೆಗಳು, ಇವುಗಳ ನೆರಳು ಚರ್ಚಿನ ಮೇಲೆ ಬಿದ್ದದ್ದರ ಗುರುತು ಇದು.

ಆದರೆ ಆ ನೆರಳು ಬಿದ್ದಾಗಲೆಲ್ಲ ಒಳಗಿನಿಂದಲೇ ಒಬ್ಬರಲ್ಲ ಒಬ್ಬರು ಎಚ್ಚರಿಸಿದ್ದಾರೆ. ನಿಮ್ಮ ಮಗ ಇದನ್ನೂ ತಿಳಿಯಬೇಕು. ಆರನೆಯ ಶತಮಾನದ ಕೊನೆಯಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಪೀಠದಲ್ಲಿದ್ದವರು ತಮ್ಮನ್ನು ಇಡೀ ಲೋಕದ ಪೇಟ್ರಿಯಾರ್ಕ್ ಎಂದು ಕರೆದುಕೊಂಡರು. ಆಗ ರೋಮಿನ ಪೋಪ್ ಆಗಿದ್ದವರು ಮೊದಲನೆಯ ಗ್ರೆಗೊರಿ, 590ರಿಂದ 604ರವರೆಗೆ ಪೀಠದಲ್ಲಿದ್ದವರು. ಅವರು ಆ ಬಿರುದನ್ನು ಕಟುವಾಗಿ ವಿರೋಧಿಸಿದರು. ವಿರೋಧಿಸಿ ಅದನ್ನು ತಾವು ಕಸಿದುಕೊಂಡರೇ? ಇಲ್ಲ. ಅಲೆಕ್ಸಾಂಡ್ರಿಯಾದ ಪೇಟ್ರಿಯಾರ್ಕ್ ಇವರಿಗೇ ‘ವಿಶ್ವದ ಪೋಪ್’ ಎಂದು ಸಂಬೋಧಿಸಿ ಪತ್ರ ಬರೆದಾಗ, ನನ್ನ ಸೋದರರ ಗೌರವ ಕಡಿಮೆಯಾಗುವಂಥ ಗೌರವ ನನಗೆ ಬೇಡ, ಇನ್ನು ಮುಂದೆ ಹೀಗೆ ಬರೆಯಬೇಡಿ ಎಂಬ ಅರ್ಥದ ಉತ್ತರ ಕಳಿಸಿದರು. ತಮ್ಮ ಪತ್ರಗಳಲ್ಲಿ ಅವರು ಬಳಸಿದ್ದು ‘ದೇವರ ಸೇವಕರ ಸೇವಕ’ ಎಂಬ ಹೆಸರನ್ನು. ಇವತ್ತಿಗೂ ಪೋಪರ ಬಿರುದುಗಳ ಪಟ್ಟಿಯಲ್ಲಿ ಅದು ಇದೆ. ನಾವು ದಾಸಾನುದಾಸ ಎನ್ನುತ್ತೇವಲ್ಲ, ಅಕ್ಷರಶಃ ಅದೇ.

ಅದಕ್ಕೂ ಇನ್ನೂರು ವರ್ಷ ಹಿಂದೆ ಉತ್ತರ ಆಫ್ರಿಕದ ಹಿಪ್ಪೊ ಎಂಬ ಊರಿನಲ್ಲಿ ಬಿಷಪ್ ಆಗಿದ್ದ ಸಂತ ಅಗಸ್ಟೀನ್ ತನ್ನ ಜನರಿಗೆ ಹೇಳಿದ ಮಾತಿನ ಸಾರ ಹೀಗಿದೆ: ನಿಮಗಾಗಿ ನಾನು ಬಿಷಪ್, ನಿಮ್ಮ ಜೊತೆಯಲ್ಲಿ ನಾನು ಬರೀ ಕ್ರೈಸ್ತ, ಮೊದಲನೆಯದು ನನ್ನನ್ನು ಹೆದರಿಸುತ್ತದೆ, ಎರಡನೆಯದು ಸಮಾಧಾನ ಕೊಡುತ್ತದೆ. ಪೌರೋಹಿತ್ಯ ಮಾಡುವ ನಮ್ಮಂಥವರು ಇದನ್ನು ಬರೆದು ಪೂಜೆಯ ಮನೆಯಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ಮನೆಗೆ ಬಂದಾಗ ನಾನು ಪುರೋಹಿತ. ನನ್ನ ಮನೆಯಲ್ಲಿ ನಾನೂ ತಪ್ಪು ಮಾಡಿ ದೇವರ ಮುಂದೆ ಕೆನ್ನೆ ಬಡಿದುಕೊಳ್ಳುವ ಒಬ್ಬ ಯಜಮಾನ.

ಹತ್ತಿರದ ಕಾಲಕ್ಕೆ ಬರೋಣ. 1964ರಲ್ಲಿ ಆರನೆಯ ಪಾಲ್ ಪೋಪರು ತಮ್ಮ ಮುಮ್ಮಡಿ ಕಿರೀಟವನ್ನು ತೆಗೆದು ಬಡವರಿಗಾಗಿ ಎಂದು ಬಲಿಪೀಠದ ಮೇಲಿಟ್ಟರು. ಅವರ ನಂತರ ಯಾವ ಪೋಪರಿಗೂ ಕಿರೀಟಧಾರಣೆ ನಡೆದಿಲ್ಲ. ಮರುವರ್ಷ, 1965ರ ನವೆಂಬರ್ 16ರಂದು, ಸುಮಾರು ನಲವತ್ತು ಬಿಷಪ್ಪರು ರೋಮಿನ ಹೊರವಲಯದ ಡೊಮಿಟಿಲ್ಲಾ ನೆಲಮಾಳಿಗೆಯ ಸಮಾಧಿಗಳ ನಡುವೆ ಸೇರಿ ಒಂದು ಪ್ರತಿಜ್ಞೆ ಮಾಡಿದರು. ಸರಳವಾಗಿ ಬದುಕುತ್ತೇವೆ, ಎಮಿನೆನ್ಸ್, ಎಕ್ಸಲೆನ್ಸಿ ಎಂಬ ದೊಡ್ಡಸ್ತಿಕೆಯ ಬಿರುದುಗಳನ್ನು ಒಲ್ಲೆವು, ನಮ್ಮನ್ನು ‘ಫಾದರ್’ ಎಂದರೆ ಸಾಕು ಎಂದರು. ಗಮನಿಸಿ: ನಿಮ್ಮ ಮಗ ದೊಡ್ಡಸ್ತಿಕೆ ಎಂದು ನಕ್ಕ ಶಬ್ದವೇ ಅವರಿಗೆ ಇದ್ದದ್ದರಲ್ಲಿ ಚಿಕ್ಕದಾಗಿ ಕಂಡಿತು!

ಪೋಪ್ ಫ್ರಾನ್ಸಿಸ್ ಅವರನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. 2013ರ ಮಾರ್ಚ್ 13ರಂದು ಆಯ್ಕೆಯಾಗಿ ಜನರ ಮುಂದೆ ಬಂದಾಗ ಅವರು ತಮ್ಮನ್ನು ರೋಮಿನ ಬಿಷಪ್ ಎಂದಷ್ಟೇ ಹೇಳಿಕೊಂಡರು. ತಾವು ಆಶೀರ್ವದಿಸುವ ಮೊದಲು ನೀವು ನನಗಾಗಿ ಪ್ರಾರ್ಥಿಸಿ ಎಂದು ಜನರ ಮುಂದೆ ತಲೆ ಬಾಗಿದರು. ಅರಮನೆ ಬಿಟ್ಟು ಅತಿಥಿಗೃಹದ ಕೋಣೆಯಲ್ಲಿ ಉಳಿದರು. ಮರುವರ್ಷ, ‘ಮೊನ್ಸಿಞೋರ್’ ಎಂಬ ಗೌರವ ಬಿರುದನ್ನು ಧರ್ಮಪ್ರಾಂತ್ಯದ ಪಾದ್ರಿಗಳಿಗೆ 65 ವರ್ಷ ತುಂಬುವ ಮೊದಲು ಕೊಡಕೂಡದು ಎಂಬ ಮಿತಿ ಬಂತು. 2025ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದು ಲ್ಯಾಟಿನ್ನಿನ ಒಂದೇ ಪದ, ‘ಫ್ರಾನ್ಸಿಸ್ಕುಸ್’. ಬರೀ ಹೆಸರು.

ಕಾಲು ತೊಳೆಯುವವನು

ಅವರಲ್ಲಿ ಈಸ್ಟರಿಗೆ ಮೊದಲಿನ ಗುರುವಾರ ಒಂದು ವಿಧಿ ಇದೆ. ಯೇಸು ಕೊನೆಯ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ತನ್ನ ಶಿಷ್ಯರ ಕಾಲು ತೊಳೆದ ಎಂಬುದರ ನೆನಪಿಗೆ, ಗುರುವಾದವನು ಆ ದಿನ ಸಾಮಾನ್ಯ ಜನರ ಕಾಲು ತೊಳೆಯುತ್ತಾನೆ. 2013ರಲ್ಲಿ ಫ್ರಾನ್ಸಿಸ್ ಇದನ್ನು ಮಾಡಿದ್ದು ದೊಡ್ಡ ಚರ್ಚಿನಲ್ಲಲ್ಲ, ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ. ಆ ಹನ್ನೆರಡು ಜನರಲ್ಲಿ ಹೆಣ್ಣುಮಕ್ಕಳಿದ್ದರು, ಮುಸ್ಲಿಮರೂ ಇದ್ದರು.

ಇದನ್ನು ಓದಿದಾಗ ನನಗೆ ನೆನಪಾಗುವುದು ಧರ್ಮರಾಯನ ರಾಜಸೂಯ. ಯಾಗದ ಕೆಲಸಗಳನ್ನು ಒಬ್ಬೊಬ್ಬರಿಗೆ ಹಂಚುವಾಗ ಶ್ರೀಕೃಷ್ಣ ಆರಿಸಿಕೊಂಡದ್ದು ಬಂದ ಬ್ರಾಹ್ಮಣರ ಕಾಲು ತೊಳೆಯುವ ಕೆಲಸವನ್ನು. ಅದೇ ಸಭೆಯಲ್ಲಿ ಅಗ್ರಪೂಜೆ ಯಾರಿಗೆ ಎಂದಾಗ ಭೀಷ್ಮರು ತೋರಿಸಿದ್ದೂ ಅವನನ್ನೇ. ಅಗ್ರಪೂಜೆಗೆ ಅವನು ಅರ್ಜಿ ಹಾಕಲಿಲ್ಲ. ಅವನಾಗಿ ಕೇಳಿ ಪಡೆದದ್ದು ಪಾದ್ಯದ ನೀರಿನ ಚೊಂಬನ್ನು ಮಾತ್ರ.

ನಮ್ಮ ಶಾಸ್ತ್ರದ ಕ್ರಮ

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಿಮ್ಮ ಕಿರಿಯ ಮಗನಿಗೆ ಉಪನಯನದಲ್ಲಿ ಕಲಿಸುವ ಮೊದಲ ಶಿಷ್ಟಾಚಾರ ಅಭಿವಾದನ. ಎರಡು ಕೈಗಳಿಂದ ಕಿವಿ ಮುಟ್ಟಿಕೊಂಡು, ತನ್ನ ಪ್ರವರದ ಋಷಿಗಳನ್ನು ಹೇಳಿ, ಗೋತ್ರ, ಸೂತ್ರ, ಶಾಖೆಗಳನ್ನು ಹೇಳಿ, ಕೊನೆಯಲ್ಲಿ ತನ್ನ ಹೆಸರು ಹೇಳಿ ಹಿರಿಯರ ಪಾದಕ್ಕೆ ಎರಗಬೇಕು. ಇದರಲ್ಲಿ ಬಿರುದು ಎಲ್ಲಿದೆ? ಇಲ್ಲ. ಋಷಿಗಳ ಹೆಸರಿದೆ, ತನ್ನ ವೇದದ ಹೆಸರಿದೆ, ತನ್ನದು ಎಂಬುದು ಕಡೆಗೊಂದು ಸಣ್ಣ ಹೆಸರು ಮಾತ್ರ. ತೊಂಬತ್ತು ವರ್ಷದ ಘನಪಾಠಿಗಳೂ ತಮಗಿಂತ ಹಿರಿಯರು ಸಿಕ್ಕರೆ ಹೀಗೆಯೇ ಹೇಳಬೇಕು.

ಇದಕ್ಕೆ ಹಿರಿಯರು ಕೊಡುವ ಉತ್ತರಕ್ಕೆ ಪ್ರತ್ಯಭಿವಾದನ ಎಂದು ಹೆಸರು. ‘ದೀರ್ಘಾಯುಷ್ಯವಂತನಾಗು’ ಎಂದು ಹರಸಿ ಹುಡುಗನ ಹೆಸರನ್ನು ಹೇಳುವಾಗ, ಆ ಹೆಸರಿನ ಕೊನೆಯ ಸ್ವರವನ್ನು ಮೂರು ಮಾತ್ರೆಗೆ ಎಳೆಯಬೇಕು. ಇದನ್ನು ಪ್ಲುತ ಎನ್ನುತ್ತಾರೆ. ಪಾಣಿನಿ ಮಹರ್ಷಿಗಳು ಇದಕ್ಕಾಗಿಯೇ ಒಂದು ಸೂತ್ರ ಮಾಡಿದ್ದಾರೆ, ಮನುಸ್ಮೃತಿಯಲ್ಲೂ ಈ ವಿಧಿ ಇದೆ. ಪಾಠಶಾಲೆಯಲ್ಲಿ ಇದನ್ನು ಕಲಿತಾಗ ನಮಗೆ ಬರೀ ವ್ಯಾಕರಣವಾಗಿ ಕಂಡಿತ್ತು. ಅದರೊಳಗಿನ ಧರ್ಮ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಹೇಳಿಕೊಳ್ಳುವವನು ತನ್ನ ಹೆಸರನ್ನು ಇದ್ದಷ್ಟೇ ಹೇಳಬೇಕು. ಅದನ್ನು ಉದ್ದ ಮಾಡುವುದು ಎದುರಿನವರ ಕೆಲಸ. ನನ್ನ ಹೆಸರನ್ನು ನಾನೇ ಎಳೆದರೆ ಅದು ಪ್ಲುತವಲ್ಲ, ಅಪಶಬ್ದ.

ಸಂಕಲ್ಪದಲ್ಲೂ ಹೀಗೆಯೇ. ಗೋತ್ರ, ನಕ್ಷತ್ರ, ರಾಶಿ, ಹೆಸರು, ಇಷ್ಟೇ. “ಡಾಕ್ಟರ್ ಅಂತ ಸೇರಿಸಿ ಭಟ್ರೇ” ಎಂದು ಕೆಲವರು ಕಿವಿಯಲ್ಲಿ ಹೇಳುವುದುಂಟು. ದೇವರಿಗೆ ನಿಮ್ಮ ನಕ್ಷತ್ರ ಸಾಕು ಸ್ವಾಮಿ ಎಂದು ಮುಂದೆ ಹೋಗುತ್ತೇನೆ. ಕೊನೆಗೆ ಅಪರಕರ್ಮದಲ್ಲೂ ಗೋತ್ರ ಮತ್ತು ಹೆಸರು ಹೇಳಿ ಪಿಂಡ ಇಡುತ್ತೇವೆ. ಮಂತ್ರಿಯಾಗಿದ್ದವರಿಗೂ ಅಷ್ಟೇ, ಮಠ ಕಟ್ಟಿಸಿದವರಿಗೂ ಅಷ್ಟೇ. ರೋಮಿನ ಆ ಕಲ್ಲಿನ ಮೇಲಿನ ಒಂದು ಪದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಛಾಂದೋಗ್ಯ ಉಪನಿಷತ್ತಿನಲ್ಲಿ ನಾರದರು ಸನತ್ಕುಮಾರರ ಹತ್ತಿರ ಹೋಗಿ ತಾವು ಓದಿದ್ದನ್ನೆಲ್ಲ ಪಟ್ಟಿ ಮಾಡಿ ಒಪ್ಪಿಸುತ್ತಾರೆ. ನಾಲ್ಕು ವೇದ, ಇತಿಹಾಸ ಪುರಾಣ, ಗಣಿತ, ನಕ್ಷತ್ರವಿದ್ಯೆ, ಇನ್ನೂ ಏನೇನೋ. ಇವತ್ತಿನ ಯಾವ ಆಹ್ವಾನ ಪತ್ರಿಕೆಯೂ ಆ ಪಟ್ಟಿಗೆ ಸಮವಲ್ಲ. ಸನತ್ಕುಮಾರರು ಇದೆಲ್ಲ ಬರೀ ಹೆಸರು ಎನ್ನುತ್ತಾರೆ. ನಾರದರು ಮುನಿಸಿಕೊಂಡು ಎದ್ದುಹೋಗಲಿಲ್ಲ. ಹೆಸರಿಗಿಂತ ದೊಡ್ಡದು ಏನು ಎಂದು ಕೇಳಿದರು. ಉಪದೇಶ ಅಲ್ಲಿಂದ ಶುರುವಾಯಿತು.

ಕನ್ನಡನಾಡಿನ ದೊಡ್ಡವರ ಹೆಸರುಗಳನ್ನೇ ನೋಡಿ. ಬಸವಣ್ಣ ಎಂಬಲ್ಲಿ ಅಣ್ಣ, ಅಕ್ಕಮಹಾದೇವಿ ಎಂಬಲ್ಲಿ ಅಕ್ಕ, ಪುರಂದರದಾಸ, ಕನಕದಾಸ ಎಂಬಲ್ಲಿ ದಾಸ. ಜನ ಅವರಿಗೆ ಕೊಟ್ಟ ಬಿರುದು ಮನೆಯ ಸಂಬಂಧದ್ದು ಅಥವಾ ಸೇವೆಯದ್ದು. ಕ್ರೈಸ್ತ ಪಾದ್ರಿಯಾಗಿ ಬಂದು ನಮ್ಮ ನುಡಿಗೆ ನಿಘಂಟು ಮಾಡಿಕೊಟ್ಟ ಕಿಟೆಲ್ ಅವರನ್ನೂ ನೆನೆಯಿರಿ. 1894ರಲ್ಲಿ ಮಂಗಳೂರಿನಲ್ಲಿ ಆ ನಿಘಂಟು ಅಚ್ಚಾಯಿತು, ಆಮೇಲೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ರೆವರೆಂಡ್ ಮತ್ತು ಡಾಕ್ಟರ್ ಎರಡೂ ಇದ್ದವರು. ನಾವು ಹೇಳುವುದು ‘ಕಿಟೆಲ್ ನಿಘಂಟು’. ಕೆಲಸ ನಿಂತ ಮೇಲೆ ಬಿರುದು ತಾನಾಗಿ ಕಳಚಿಕೊಂಡಿತು.

ನನ್ನದೂ ಒಂದು ತಪ್ಪು

ಇಷ್ಟು ಹೇಳಿ ನನ್ನ ಮಾತು ಮರೆಮಾಚಿದರೆ ಸರಿಯಾಗದು. ನನಗೆ ನಲವತ್ತು ದಾಟಿದ ಹೊತ್ತಿಗೆ ಒಂದು ಸಂಸ್ಥೆ ಜ್ಯೋತಿಷ್ಯಕ್ಕೆ ಬಿರುದು ಕೊಡುತ್ತೇವೆ ಎಂದು ಕರೆಯಿತು. ಶಾಲು, ಹಾರ, ಫೋಟೋ ಎಲ್ಲ ಆಯಿತು. ಅದಕ್ಕೆ ಮೊದಲು ನೋಂದಣಿಯ ಹಣ ಎಂದು ನಾನೇ ಕೊಟ್ಟಿದ್ದೆ ಎಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ. ಅದರ ಜೊತೆಗೆ ಇನ್ನೂ ಎರಡು ಬಿರುದು ಸೇರಿಸಿ ಬಾಗಿಲಿಗೆ ಫಲಕ ಬರೆಸಿದೆ. ಒಂದು ಮದುವೆ ಪತ್ರಿಕೆಯಲ್ಲಿ ಅದನ್ನು ಹಾಕಲಿಲ್ಲವೆಂದು ಊಟ ಮಾಡದೆ ಬಂದದ್ದೂ ಉಂಟು.

ಒಂದು ದಿನ ನನಗೆ ವೇದ ಹೇಳಿದ ಗುರುಗಳು ಮನೆಗೆ ಬಂದರು. ಓಡಿಹೋಗಿ ಕಾಲು ತೊಳೆದು, ಪ್ರವರ ಹೇಳಿ ನಮಸ್ಕಾರ ಮಾಡಿದೆ. ಅವರು ನನ್ನ ಹೆಸರನ್ನು ಎಳೆದು ಹರಸಿದರು. ಆಮೇಲೆ ಕೂತು ನೀರು ಕುಡಿದು, “ಬಾಗಿಲಲ್ಲಿ ಇನ್ನೂ ಏನೇನೋ ಬರ್ದಿತ್ತಲ್ಲೋ, ನನ್ನ ಹತ್ರ ಅದನ್ಯಾಕೆ ಹೇಳ್ಲಿಲ್ಲ?” ಎಂದರು. ನಾನು ಸುಮ್ಮನಿದ್ದೆ. “ನಂಗೆ ಹೇಳಕ್ಕೆ ನಾಚಿಕೆ ಆದ್ರೆ ದಾರೀಲಿ ಹೋಗೋರಿಗೂ ಹೇಳ್ಬೇಡ” ಎಂದರು. ಬೈಗುಳವಿಲ್ಲ, ಅಷ್ಟೇ. ಮಾರನೆಯ ದಿನ ಫಲಕ ಇಳಿಸಿದೆ. ಈಗ ನನ್ನ ಹೆಸರು, ಸಿಗುವ ಹೊತ್ತು ಮಾತ್ರ ಇದೆ. ಬರುವವರು ಕಡಿಮೆಯಾಗಲಿಲ್ಲ.

ಆದ್ದರಿಂದ ನಿಮ್ಮ ಪುರೋಹಿತರ ಮೇಲೆ ನನಗೆ ಸಿಟ್ಟಿಲ್ಲ. ಆ ಹಸಿವು ನನಗೆ ಗೊತ್ತು.

ನೀವು ಮಾಡಬೇಕಾದದ್ದು

ಬಿರುದುಗಳಲ್ಲಿ ಭೇದವಿದೆ. ಘನಪಾಠಿ, ಕ್ರಮಾಂತ ಎಂಬುವು ಎಲ್ಲಿಯವರೆಗೆ ಓದಿದ್ದಾರೆ ಎಂಬುದನ್ನು ಹೇಳುತ್ತವೆ. ಸೋಮಯಾಜಿ ಎಂಬುದು ಮಾಡಿದ ಯಾಗವನ್ನು ಹೇಳುತ್ತದೆ. ಇವು ಹತ್ತಾರು ವರ್ಷದ ತಪಸ್ಸಿನ ಗುರುತು, ಅಚ್ಚು ಹಾಕುವುದು ಯಜಮಾನನ ಧರ್ಮ. ರತ್ನ, ಚಕ್ರವರ್ತಿ, ಸಾರ್ವಭೌಮ ಎಂಬ ಅಲಂಕಾರಗಳು ಬೇರೆ. ಅವನ್ನು ಬಿಟ್ಟರೆ ಲೋಪವಿಲ್ಲ. ನೀವು ಒಂದು ಸಾಲಿಗೆ ಇಳಿಸುವಾಗ ಓದಿನ ಬಿರುದೂ ಅಳಿಸಿಹೋಗಿದೆಯೇ ನೋಡಿ. ಹೋಗಿದ್ದರೆ ಅದು ನಿಮ್ಮ ತಪ್ಪು, ತಿದ್ದಿ. ಅವರನ್ನು ಕೇಳದೆ ಇಳಿಸಿದಿರಾ? ಅದಕ್ಕೂ ಕ್ಷಮೆ ಕೇಳಿ.

ಪತ್ರಿಕೆಗಳನ್ನು ಮತ್ತೆ ಅಚ್ಚು ಹಾಕಿಸುವುದು ಬೇಡ. ದಂಪತಿಗಳಿಬ್ಬರೂ ಫಲತಾಂಬೂಲ ಹಿಡಿದು ಅವರ ಮನೆಗೆ ಹೋಗಿ, ಕಿರಿಯ ಮಗನನ್ನೂ ಕರೆದುಕೊಂಡು ಹೋಗಿ. “ನಮ್ಮ ಮದುವೆ ನಿಮ್ಮ ಕೈಯಲ್ಲಿ ಆಯಿತು, ಇವನಿಗೆ ಗಾಯತ್ರಿಯ ಕರ್ಮವೂ ನಿಮ್ಮಿಂದಲೇ ಆಗಬೇಕು” ಎನ್ನಿ. ಪತ್ರಿಕೆಯ ನಾಲ್ಕು ಸಾಲಿನ ವಾದ ಎತ್ತಬೇಡಿ. ಕರ್ಮದ ದಿನ ಅವರಿಗೆ ಪಾದ್ಯ, ಆಸನ, ವಸ್ತ್ರ, ದಕ್ಷಿಣೆಗಳನ್ನು ಒಂದೂ ಕಡಿಮೆಯಾಗದಂತೆ ಸಲ್ಲಿಸಿ. ಗೌರವ ಕೊಡುವುದರಲ್ಲಿ ಜಿಪುಣತನ ಮಾಡುವುದು ವಿನಯವಲ್ಲ. ಬಿರುದು ಬೇಡ ಎನ್ನುವ ಹಕ್ಕು ಬಿರುದುಳ್ಳವನಿಗೆ ಇದೆ, ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಇಷ್ಟಾದರೂ ಅವರು ಬಾರದಿದ್ದರೆ ಬೇರೆ ಋತ್ವಿಜರಿಂದ ಮಾಡಿಸಿ, ದೋಷವಿಲ್ಲ. ಕುಲಪುರೋಹಿತರ ಸಂಭಾವನೆಯನ್ನು ಮಾತ್ರ ಅವರ ಮನೆಗೆ ತಲುಪಿಸಿ.

ಅವರು ಬಂದರೆ, ಬರುತ್ತಾರೆಂದೇ ನನ್ನ ನಂಬಿಕೆ, ಉಪನಯನ ಮುಗಿದು ವಟು ತಂದೆತಾಯಿಗೆ ನಮಸ್ಕರಿಸಿದ ಮೇಲೆ ಮುಂದಿನ ಅಭಿವಾದನ ಅವರಿಗೇ ಆಗಲಿ. ಆ ಮಗು ಕಿವಿ ಮುಟ್ಟಿಕೊಂಡು ಬರೀ ತನ್ನ ಹೆಸರು ಹೇಳಿದಾಗ, ಅದನ್ನು ಮೂರು ಮಾತ್ರೆ ಎಳೆದು ಹರಸುವ ಬಾಯಿ ಅವರದ್ದಾಗಿರುತ್ತದೆ. ನಾಲ್ಕು ಸಾಲು ಮರೆಯುವುದಕ್ಕೆ ಅಷ್ಟು ಸಾಕಾಗಬಹುದು.

ಚರ್ಚಿನಲ್ಲಿ ಹೀಗೆ ನಡೆದುಕೊಳ್ಳಿ. ಬಿಷಪ್ಪರ ಉಂಗುರಕ್ಕೆ ಮುತ್ತಿಡುವುದು ಅವರವರ ಪದ್ಧತಿ, ನೀವು ಮಾಡಬೇಕಿಲ್ಲ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ‘ಬಿಷಪ್’ ಎಂದೇ ಮಾತಾಡಿಸಿ. ಪೂಜೆಯ ನಡುವೆ ಕೊಡುವ ರೊಟ್ಟಿ ನಮ್ಮ ಪ್ರಸಾದದಂತೆ ಎಲ್ಲರಿಗೂ ಹಂಚುವಂಥದ್ದಲ್ಲ. ದೀಕ್ಷಾಸ್ನಾನ ಪಡೆದ ಅವರ ಸಭೆಯವರು ಸ್ವೀಕರಿಸುವಂಥದ್ದು. ಆಗ ಎದ್ದು ಸಾಲಿನಲ್ಲಿ ನಿಲ್ಲದೆ ಕೂತಿರಿ.

ಒಂದನ್ನು ಮಾತ್ರ ತಪ್ಪದೆ ನೋಡಿ, ಹಿರಿಯ ಮಗನಿಗೂ ತೋರಿಸಿ. ದೀಕ್ಷೆಯ ಆರಂಭದಲ್ಲಿ ಆ ಹುಡುಗನ ಹೆಸರನ್ನು ಕೂಗುತ್ತಾರೆ. ಅವನು ‘ಇದ್ದೇನೆ’ ಎಂದು ಮುಂದೆ ಬರುತ್ತಾನೆ. ಆಮೇಲೆ ಬಲಿಪೀಠದ ಮುಂದೆ ಮುಖ ಕೆಳಗೆ ಮಾಡಿ ಉದ್ದಕ್ಕೆ ಮಲಗಿಬಿಡುತ್ತಾನೆ, ನಮ್ಮ ಸಾಷ್ಟಾಂಗದಂತೆಯೇ. ಸಭೆಯವರೆಲ್ಲ ಅವನಿಗಾಗಿ ಸಂತರ ಹೆಸರುಗಳನ್ನು ಹೇಳಿ ಪ್ರಾರ್ಥಿಸುತ್ತಾರೆ. ‘ಫಾದರ್’ ಎಂಬ ಬಿರುದು ಅವನಿಗೆ ಸಿಗುವುದು ಹಾಗೆ ನೆಲಕ್ಕೆ ಬಿದ್ದು ಎದ್ದ ಮೇಲೆ. ಬಿರುದು ಹೊತ್ತವರು ಆ ನೆಲವನ್ನು ಮರೆತರೆ ನಿಮ್ಮ ಮಗ ನಗಲಿ, ಅವನ ನಗು ನ್ಯಾಯವೇ. ನೆನಪಿಟ್ಟುಕೊಂಡವರನ್ನು ಕಂಡಾಗ ಕೈ ಮುಗಿಯುವುದನ್ನೂ ಅವನು ಕಲಿಯಲಿ.

ನಿಮ್ಮ ಇಬ್ಬರು ಮಕ್ಕಳಿಗೂ, ಎದುರುಮನೆಯ ಪುಟ್ಟನಿಗೂ ನನ್ನ ಆಶೀರ್ವಾದಗಳು. ಶುಭಮಸ್ತು.